ಬಿಸಿಲಿಗೆ ಹಿಡಿದ ಟೀವಿ

ಕಾನ್ವೆಂಟಿನಲ್ಲಿ ಓದಿದ ನನ್ನಂಥವರಿಗೆ ಒಂದು ಖಾಯಂ ಕಾಯಿಲೆ ಇರುತ್ತದೆ. 'ನನಗೆ ಗೊತ್ತಿಲ್ಲ' ಎಂಬ ಸರಳವಾದ ಮಾತು ನಮ್ಮ ಬಾಯಿಂದ ಹೊರಡುವುದಿಲ್ಲ. ಹಳೆಯ ಶಾಸನದ ಬಗ್ಗೆ ಕೇಳಿ, ಹೊಸ ಔಷಧದ ಬಗ್ಗೆ ಕೇಳಿ, ಕುಕ್ಕರು ಏಕೆ ಸೀಟಿ ಹೊಡೆಯದೆ ಬರೀ ಬುಸುಗುಡುತ್ತದೆ ಎಂದು ಕೇಳಿ, ನಾವು ಒಂದು ಕ್ಷಣ ಗಂಭೀರರಾಗಿ 'ಆ್ಯಕ್ಚುವಲಿ' ಎಂದು ಶುರು ಮಾಡಿಬಿಡುತ್ತೇವೆ. ನನ್ನ ವಿಷಯದಲ್ಲಿ ಇದರ ಪಾಪ ಹುಬ್ಬಳ್ಳಿಯ ನಮ್ಮ ಡ್ರಾಯಿಂಗ್ ಟೀಚರ್ ಸಿಸ್ಟರ್ ಆಗ್ನೆಸ್ ಅವರಿಗೆ ಸೇರಬೇಕು. ಐದನೆಯ ಇಯತ್ತೆಯಲ್ಲಿ ನಾನು ಬರೆದ ಸೂರ್ಯೋದಯವನ್ನು ನೋಡಿ ಅವರು, "ಶಾಲಿನಿ, ಯು ಹ್ಯಾವ್ ಆ್ಯನ್ ಐ ಫಾರ್ ಕಲರ್" ಎಂದಿದ್ದರು. ಬಹುಶಃ ಕ್ಲಾಸಿನ ಎಲ್ಲ ಹುಡುಗಿಯರಿಗೂ ಅದನ್ನೇ ಹೇಳಿರಬೇಕು. ಉಳಿದವರು ಅದನ್ನು ಡಬ್ಬಿ ಬಿಚ್ಚುವ ಹೊತ್ತಿಗೆ ಮರೆತರು. ನಾನು ಮಾತ್ರ ಇವತ್ತಿನವರೆಗೂ ಜರಿಸೀರೆಯ ಹಾಗೆ ಮಡಿಚಿ ಇಟ್ಟುಕೊಂಡಿದ್ದೇನೆ. ಹೀಗಾಗಿ ನಮ್ಮ ಮನೆಗೆ ದೊಡ್ಡ ಟೀವಿ ತರಬೇಕು ಎಂದಾಗ, ಅದರ ಪಿಕ್ಚರ್ ಕ್ವಾಲಿಟಿ ನೋಡಿ ಆರಿಸುವವರು ಯಾರು ಎಂಬ ಪ್ರಶ್ನೆಯೇ ಏಳಲಿಲ್ಲ. ಏಳಲು ನಾನು ಬಿಡಲಿಲ್ಲ ಅನ್ನಿ.

ಟೀವಿ ಏಕೆ ಬೇಕಾಯಿತು ಎಂಬುದನ್ನು ಹೇಳಬೇಕು. ನಾನಿರುವುದು ಬಾಗಲಕೋಟೆಯ ನವನಗರದಲ್ಲಿ. ಎದುರುಮನೆ ನಮ್ಮಣ್ಣನದು. ಅಣ್ಣ ದೀಪ ಹಚ್ಚುವ ಹೊತ್ತಿಗೇ ಉಂಡು ಮಲಗುವ ಪುಣ್ಯವಂತ. ಆದ್ದರಿಂದ ಅವನ ಹೆಂಡತಿ, ನಮ್ಮ ಗೌರಾ ವೈನಿ, ಪ್ರತಿ ಸಂಜೆ ರಸ್ತೆ ದಾಟಿ ನನ್ನ ಮನೆಗೆ ಧಾರಾವಾಹಿ ನೋಡಲು ಬರುತ್ತಾರೆ. ನಮ್ಮವರು ತೀರಿಕೊಂಡ ಮೇಲೆ, ನಾನು ಶಾಲೆಯ ಇಂಗ್ಲಿಷ್ ಟೀಚರ್ ಕೆಲಸದಿಂದ ರಿಟೈರ್ ಆದ ಮೇಲೆ, ನನ್ನ ದಿನ ನಿಜವಾಗಿ ಶುರುವಾಗುವುದು ವೈನಿ ಗೇಟು ತೆಗೆದ ಸಪ್ಪಳಕ್ಕೆ. ಅಂಥ ವೈನಿ ಈಚೆಗೆ ಒಂದೇ ಸಮನೆ ಕೇಳತೊಡಗಿದ್ದರು. "ಶಾಲೂ, ಈಗ ಬಂದಾಕಿ ಯಾರು?" "ಶಾಲೂ, ಇಂವ ಆಕಿ ಗಂಡನೋ, ಮೈದುನನೋ?" ನಾನು ಹೇಳುತ್ತಿದ್ದೆ. ಹೇಳುವುದರಲ್ಲಿ ನನಗೇನೂ ಬೇಸರವಿರಲಿಲ್ಲ. ಆದರೆ ಎದೆಯೊಳಗೆ ಒಂದು ಅಳುಕು ಹುಟ್ಟಿತು. ವೈನಿಯ ಕಣ್ಣು ಹೋಗುತ್ತಿವೆ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಗೆಳತಿಯೊಬ್ಬಳು ಹೀಗೆಯೇ ಕಣ್ಣು ಮಂಜಾದ ಮೇಲೆ ಮೊದಲು ಪೇಪರು ಬಿಟ್ಟಳು, ಆಮೇಲೆ ಟೀವಿ ಬಿಟ್ಟಳು, ಕೊನೆಗೆ ಹೊರಗೆ ಬರುವುದನ್ನೇ ಬಿಟ್ಟಳು. ಕಣ್ಣಿನ ದವಾಖಾನೆಗೆ ಹೋಗೋಣ ಎಂದರೆ ವೈನಿ, "ನನ್ನ ಕಣ್ಣಿಗೇನು ಧಾಡಿ? ಚಲೋ ಅದಾವು" ಎಂದು ಮಾತು ಮುಗಿಸುತ್ತಿದ್ದರು. ಕ್ಲಾಸಿಕ್ ಡಿನಾಯಲ್, ಎಂದುಕೊಂಡೆ ನಾನು. ವೈನಿ ದವಾಖಾನೆಗೆ ಹೋಗದಿದ್ದರೆ ಬೇಡ, ಅವರಿಗೆ ಕಾಣುವಷ್ಟು ದೊಡ್ಡ, ಕಾಣುವಷ್ಟು ಸ್ವಚ್ಛ ಚಿತ್ರವನ್ನೇ ಮನೆಗೆ ತರುತ್ತೇನೆ, ಸಂಜೆಯ ಗೇಟಿನ ಸಪ್ಪಳ ಮಾತ್ರ ನಿಲ್ಲಕೂಡದು ಎಂದು ನಿಶ್ಚಯಿಸಿದೆ.

ಪಿಕ್ಚರ್ ಕ್ವಾಲಿಟಿಯ ವಿಷಯದಲ್ಲಿ ನನಗೆ ಅನುಭವವಿಲ್ಲ ಎಂದು ಯಾರೂ ಹೇಳುವ ಹಾಗಿಲ್ಲ. ಮದುವೆಯಾದ ಹೊಸದರಲ್ಲಿ ನಾವು ಬಾದಾಮಿಯಲ್ಲಿದ್ದೆವು. ಸುತ್ತ ಗುಡ್ಡ. ಸಿಗ್ನಲ್ ಎಂಬುದು ಗುಡ್ಡ ಹತ್ತಿ ಇಳಿದು ನಮ್ಮ ಮನೆಗೆ ಬರುವಷ್ಟರಲ್ಲಿ ಸುಸ್ತಾಗಿರುತ್ತಿತ್ತು. ನಮ್ಮವರು ಮಾಳಿಗೆಯ ಮೇಲೆ ನಿಂತು ಆ್ಯಂಟೆನಾ ತಿರುಗಿಸುವುದು, ನಾನು ಕೆಳಗಿನಿಂದ "ಬಂತು, ಬಂತು, ಹೋತು" ಎಂದು ಕೂಗುವುದು, ನಮ್ಮ ದಾಂಪತ್ಯದ ಮೊದಲ ಸಂಭಾಷಣೆಗಳೆಲ್ಲ ಹೆಚ್ಚುಕಡಿಮೆ ಇಷ್ಟೇ. ಎಷ್ಟು ತಿರುಗಿಸಿದರೂ ಪರದೆಯ ಮೇಲೆ ಜೋಳದ ಹಿಟ್ಟು ಜರಡಿ ಹಿಡಿದ ಹಾಗೆ ಕಾಣುತ್ತಿತ್ತು. ಒಂದು ಭಾನುವಾರ ಇದ್ದಕ್ಕಿದ್ದಂತೆ ಚಿತ್ರ ಕನ್ನಡಿಯಂತಾಯಿತು. ಓಡಿಹೋಗಿ ನೋಡಿದರೆ ಆ್ಯಂಟೆನಾದ ಮೇಲೆ ಗುಡ್ಡದ ಒಂದು ದಪ್ಪ ಮಂಗ ಬಾಲ ಇಳಿಬಿಟ್ಟು ಕೂತಿತ್ತು. ಅದು ಎದ್ದರೆ ಹಿಟ್ಟು, ಕೂತರೆ ಕನ್ನಡಿ. ಅಂದಿನಿಂದ ಭಾನುವಾರ ಸಂಜೆ ನಮ್ಮವರು ಕಿಸೆಯಲ್ಲಿ ಶೇಂಗಾ ತುಂಬಿಕೊಂಡು ಮಾಳಿಗೆ ಹತ್ತುತ್ತಿದ್ದರು. ಒಂದೊಂದೇ ಶೇಂಗಾ ಕೊಟ್ಟು ಮಂಗನನ್ನು ಸಿನಿಮಾ ಮುಗಿಯುವ ತನಕ ಕೂರಿಸುತ್ತಿದ್ದರು. ಪಾಪ, ಅವರು ಒಂದು ಸಿನಿಮಾವನ್ನೂ ಪೂರ್ತಿ ನೋಡಲಿಲ್ಲ. ಕೆಳಗಿಳಿದು ಬಂದು "ಹೆಂಗಿತ್ತು?" ಎಂದು ಕೇಳುತ್ತಿದ್ದರು, ನಾನು ಊಟಕ್ಕೆ ಬಡಿಸುತ್ತ ಕಥೆ ಹೇಳುತ್ತಿದ್ದೆ. ಈಗ ರಿಮೋಟು ಒತ್ತಿದರೆ ಜಗತ್ತೇ ಬರುತ್ತದೆ. ಮಾಳಿಗೆಯ ಮೇಲೆ ಮಾತ್ರ ಯಾರೂ ಇಲ್ಲ.

ಇರಲಿ. ವೈನಿಯನ್ನೂ ಕರೆದುಕೊಂಡೇ ಶೋರೂಮಿಗೆ ಹೋದೆ. ವೈನಿ ಇಳಕಲ್ಲಿನ ಸೀರೆ ವ್ಯಾಪಾರಿಗಳ ಮನೆಯ ಮಗಳು ಎಂಬುದನ್ನು ನಾನು ಆ ಗಳಿಗೆಯಲ್ಲಿ ಲೆಕ್ಕಕ್ಕೆ ಹಿಡಿದಿರಲಿಲ್ಲ. ಗೋಡೆಯ ತುಂಬ ಟೀವಿಗಳು, ಎಲ್ಲದರಲ್ಲೂ ಅದೇ ಗಿಣಿ, ಅದೇ ಜಲಪಾತ. ಬಸವರಾಜ ಎಂಬ ನಡುವಯಸ್ಸಿನ ಸೇಲ್ಸ್‌ಮನ್ ಬಂದು, "ಬರ್ರಿ ಅವ್ವಾರ, ಇದನ್ನ ನೋಡ್ರಿ, ಇದರ ಕಾಂಟ್ರಾಸ್ಟ್ ಭಾಳ ಚಲೋ ಐತಿ" ಎಂದು ಶುರು ಮಾಡಿದ.

ವೈನಿ ತಕ್ಷಣ, "ಕಾಂಟ್ರಾಸ್ಟ್ ಬ್ಯಾಡಪಾ, ನಮ್ಮ ವಯಸ್ಸಿನವರಿಗೆ ಸೆಲ್ಫ್ ಚಂದ ಕಾಣ್ತೈತಿ. ಸೆಲ್ಫ್‌ನ್ಯಾಗ ತೋರ್ಸು" ಎಂದರು.

ಬಸವರಾಜ ನನ್ನ ಮುಖ ನೋಡಿದ. ಸೀರೆಯ ಮೈಗೆ ಒಂದು ಬಣ್ಣ, ದಡಿಗೆ ಇನ್ನೊಂದು ಬಣ್ಣ ಇದ್ದರೆ ಅದು ಕಾಂಟ್ರಾಸ್ಟ್, ಎರಡೂ ಒಂದೇ ಆದರೆ ಸೆಲ್ಫ್, ಎಂದು ಅವನಿಗೆ ತಿಳಿಸಿ ಹೇಳಿದೆ. ವೈನಿಗೆ, "ಇದು ಆ ಕಾಂಟ್ರಾಸ್ಟ್ ಅಲ್ಲರಿ ವೈನಿ, ಆ್ಯಕ್ಚುವಲಿ ಇದು ಬೆಳಕಿಗೂ ಕತ್ತಲಿಗೂ ಇರೋ ಫರಕು" ಎಂದೆ. ಬಸವರಾಜನಿಗೆ ಹುಮ್ಮಸ್ಸು ಬಂತು. "ಕರೆಕ್ಟ್ ರಿ ಮೇಡಂ. ಕಪ್ಪು ಎಷ್ಟು ಕಪ್ಪ ಕಾಣ್ತೈತಿ ಅನ್ನೂದ ಮುಖ್ಯ. ಈ ರಾತ್ರಿ ಆಕಾಶ ನೋಡ್ರಿ."

ವೈನಿ ದೂರದಿಂದಲೇ ನೋಡಿ ತಲೆಯಾಡಿಸಿದರು. "ಇದು ಕಪ್ಪಲ್ಲ. ಒಗದ ಒಗದ ಬೂದಿ ಬಣ್ಣಕ್ಕ ಬಂದ ಚಂದ್ರಕಾಳಿ ಸೀರಿ. ಆ ಮೂಲ್ಯಾಗ ಇಟ್ಟೀಯಲ್ಲ, ಅದು ಖರೆ ಕಪ್ಪು, ಘಡಿ ಬಿಚ್ಚಿಲ್ಲದ ಹೊಸಾ ಸೀರಿ." ಮೂಲೆಯದು ಅಂಗಡಿಯಲ್ಲೇ ತುಟ್ಟಿಯ ಟೀವಿಯಂತೆ. ಬಸವರಾಜ ಮುಗುಳ್ನಕ್ಕು ಅತ್ತ ಕೈತೋರಿಸುವಷ್ಟರಲ್ಲಿ ವೈನಿ ನಮ್ಮ ಮುಂದಿನ ಟೀವಿಯ ಬೆನ್ನ ಹಿಂದೆ ಹೋಗಿ ಬಗ್ಗಿದ್ದರು. ಕಸೂತಿ ಹಾಕಿದ ಸೀರೆಯನ್ನು ಅವರು ಯಾವತ್ತೂ ಮೊದಲು ಒಳಮೈ ತಿರುವಿ ನೋಡುವುದು, ಗಂಟು ಕಂಡರೆ ವಾಪಸ್ಸು. "ಅಯ್ಯ ನಮ್ಮವ್ವ, ಹಿಂದ ನೋಡು ಶಾಲೂ, ಬರೇ ಗಂಟು" ಎಂದು ವೈರುಗಳನ್ನು ಎತ್ತಿ ತೋರಿಸಿದರು. ಆ ಗಿಣಿಯ ಹಸಿರನ್ನು ನೋಡಿ, "ಭಡಕ್ ಐತಿ. ಒಂದ ಒಗೆತಕ್ಕ ಬಿಡ್ತೈತಿ" ಎಂದರು. ಬಣ್ಣ ಹೋಗುವುದಿಲ್ಲ ಎಂದು ಬಸವರಾಜ ದೇವರ ಮೇಲೆ ಆಣೆ ಮಾಡಿದ. ಹಾಗೆ ಆಣೆ ಮಾಡುವವರ ಹತ್ತಿರ ತಮ್ಮ ಅಪ್ಪ ನೂಲು ತೆಗೆದುಕೊಳ್ಳುತ್ತಿರಲಿಲ್ಲ ಎಂದು ವೈನಿ ನನ್ನ ಕಿವಿಯಲ್ಲಿ ಹೇಳಿದರು. ಪಿಸುಮಾತು ಅಂಗಡಿಯ ಗಲ್ಲಾಪೆಟ್ಟಿಗೆಯವರೆಗೂ ಕೇಳಿಸಿತು.

ಕೊನೆಗೆ ಅವರು ತಮ್ಮ ತೀರ್ಪು ಕೊಟ್ಟರು. "ಅಂಗಡಿ ಬೆಳಕಿನ್ಯಾಗ ಎಲ್ಲಾನೂ ಚಂದ ಕಾಣ್ತಾವು. ಬಾಗಿಲಿಗೆ ಒಯ್ದು ಬಿಸಿಲಾಗ ತೋರ್ಸು."

"ಅವ್ವಾರ, ಇದು ಟೀವಿರಿ, ಸೀರಿ ಅಲ್ಲ."

"ಸೀರಿ ಆಗಿದ್ರ ನಿನಗ್ಯಾಕ ಹೇಳ್ತಿದ್ನಿ? ನಾನ ಎತ್ಕೊಂಡ ಹೋಗ್ತಿದ್ನಿ."

ನಾನು ತಡೆಯಬಹುದಿತ್ತು. ಆದರೆ ನ್ಯಾಚುರಲ್ ಲೈಟ್ ಎಂಬುದರ ಬಗ್ಗೆ ಸಿಸ್ಟರ್ ಆಗ್ನೆಸ್ ಹೇಳಿದ್ದೆಲ್ಲ ಆಗ ಒಟ್ಟಿಗೆ ನೆನಪಾಗಿ, "ವೈನಿ ಹೇಳೂದ್ರಾಗ ಪಾಯಿಂಟ್ ಐತಿ" ಎಂದುಬಿಟ್ಟೆ. ಬಸವರಾಜನೂ ಇನ್ನೊಬ್ಬನೂ ಸೇರಿ ಐವತ್ತೈದು ಇಂಚಿನ ಟೀವಿಯನ್ನು ಮದುಮಗಳನ್ನು ನಡೆಸಿ ತರುವಂತೆ ಮೆಲ್ಲಗೆ ಬಾಗಿಲಿಗೆ ತಂದು, ಉದ್ದನೆಯ ವೈರು ಎಳೆದು, ಮೇಜಿನ ಮೇಲೆ ಕೂರಿಸಿದರು. ನಾವಿಬ್ಬರೂ ಬೀದಿಗೆ ಬೆನ್ನು ಮಾಡಿ ನಿಂತೆವು. ಮಧ್ಯಾಹ್ನದ ಬಾಗಲಕೋಟೆಯ ಬಿಸಿಲು. ಎರಡು ಆಟೋಗಳು ನಿಂತವು. ಏನು ಹರಾಜು ಎಂದು ಒಬ್ಬರು ಕೇಳಿದರು.

ನಾನು ಪರದೆಯನ್ನೇ ದಿಟ್ಟಿಸಿದೆ. ಗಿಣಿ ಹೋಗಿ ಒಂದು ಬೀದಿಯ ದೃಶ್ಯ ಬಂದಿತ್ತು. ಅದೆಂಥ ಡೆಪ್ತ್, ಅದೆಂಥ ಸಹಜ ಬಣ್ಣ. ಒಂದು ಕೆಂಪು ಬಸ್ಸು ಹಾಯ್ದು ಹೋಯಿತು, ಅದರ ಹಿಂದೆ ಒಂದು ಎಮ್ಮೆ ಯಾವ ಅವಸರವೂ ಇಲ್ಲದೆ ನಡೆದುಬಂತು. "ಎಕ್ಸಲೆಂಟ್" ಎಂದೆ ಬಸವರಾಜನಿಗೆ. "ಸೋ ಲೈಫ್‌ಲೈಕ್. ಆ ಎಮ್ಮಿ ಮೈಮ್ಯಾಲಿನ ಹೊಳಪು ನೋಡ್ರಿ. ಇದನ್ನ ಫಾರಿನ್‌ನ್ಯಾಗ ಶೂಟ್ ಮಾಡಿರಬೇಕು."

ವೈನಿ ಮೆತ್ತಗೆ ನನ್ನ ಮೊಳಕೈ ಹಿಡಿದರು. "ಶಾಲೂ, ಟೀವಿದಾಗ ಏನೂ ಕಾಣವಲ್ದು. ಅದು ನಮ್ಮ ಬೆನ್ನ ಹಿಂದಿನ ರಸ್ತೆ. ಈಗ ಹೋದದ್ದು ಹುನಗುಂದ ಬಸ್ಸು, ಬೋರ್ಡ್ ಉಲ್ಟಾ ಕಾಣ್ತು ನೋಡು."

ತಿರುಗಿ ನೋಡಿದೆ. ಎಮ್ಮೆ ನನ್ನನ್ನು ನೋಡುತ್ತಿತ್ತು. ಬಸವರಾಜ ಮಾತ್ರ ಸಭ್ಯ ಮನುಷ್ಯ. "ಇದರ ಗ್ಲಾಸ್ ಭಾಳ ಕ್ಲಿಯರ್ ಐತ್ರಿ ಮೇಡಂ" ಎಂದು ನನ್ನ ಮಾನ ಉಳಿಸಿದ. ಆ ಕೃತಜ್ಞತೆಗೆ ನಾನು ಅದನ್ನೇ ಕೊಂಡುಬಿಟ್ಟೆ. ಪಿಕ್ಚರ್ ಕ್ವಾಲಿಟಿಯನ್ನು ಅಳೆಯಲು ಇದಕ್ಕಿಂತ ಶಾಸ್ತ್ರೀಯ ವಿಧಾನಗಳಿವೆ ಎಂದು ಆಮೇಲೆ ಮೊಬೈಲಿನಲ್ಲಿ ಓದಿದೆ. ಅವುಗಳಲ್ಲಿ ಎಮ್ಮೆ ಇಲ್ಲ.

ಮರುದಿನ ಬಸವರಾಜ ಬಂದು ಟೀವಿಯನ್ನು ಗೋಡೆಗೆ ಕೂರಿಸಿಹೋದ. ನಮ್ಮ ಪಡಸಾಲೆ ಚಿಕ್ಕದು. ಟೀವಿ ಬಂದ ಮೇಲೆ ನಾವು ಅದರ ಮನೆಗೆ ಬೀಗರಾಗಿ ಹೋದ ಹಾಗೆ ಕಾಣುತ್ತಿತ್ತು. ಸಂಜೆ ಗೇಟಿನ ಸಪ್ಪಳವಾಯಿತು. ವೈನಿ ಕೂತರು. ಧಾರಾವಾಹಿ ಶುರುವಾಯಿತು. ಅತ್ತೆಯ ಮುಖ ನಮ್ಮ ಬಾಗಿಲಿನಷ್ಟು ದೊಡ್ಡದು, ಸೊಸೆಯ ಕಣ್ಣೀರಿನ ಒಂದೊಂದು ಹನಿ ಕಡಲೆಕಾಳಿನಷ್ಟು. ಇನ್ನು ಕಾಣದೆ ಇರಲು ಸಾಧ್ಯವೇ ಎಂದು ನಾನು ಟೀವಿ ಬಿಟ್ಟು ವೈನಿಯನ್ನೇ ನೋಡುತ್ತ ಕೂತೆ. ಪರದೆಯ ಮೇಲೆ ಬಾಗಿಲು ತೆರೆದು ಯಾರೋ ಒಳಬಂದರು. ವೈನಿ ನನ್ನ ಕಡೆ ತಿರುಗಿ ಕೇಳಿದರು. "ಶಾಲೂ, ಈಗ ಬಂದಾಕಿ ಯಾರು?"

ಇಷ್ಟು ದೊಡ್ಡ ಪರದೆಯ ಮೇಲೂ ಕಾಣುತ್ತಿಲ್ಲ ಎಂದ ಮೇಲೆ ಉಳಿದದ್ದೇನು? ನಾನು ವೈನಿಯ ಕೈ ಹಿಡಿದುಕೊಂಡೆ. "ವೈನಿ, ನಿಮ್ಮ ಕಾಲು ಹಿಡೀತೇನಿ. ನಾಳಿಗೆ ಕಣ್ಣಿನ ದವಾಖಾನಿಗೆ ಹೋಗೂಣು. ನೀವು ಬರೂದು ನಿಂತ್ರ ನಾ ಈ ಮನ್ಯಾಗ ಒಬ್ಬಾಕಿನ ಏನ ಮಾಡ್ಲಿ?"

ವೈನಿ ರಿಮೋಟು ತೆಗೆದುಕೊಂಡು ಸದ್ದು ಕಡಿಮೆ ಮಾಡಿದರು. "ಹುಚ್ಚಿ, ನನ್ನ ಕಣ್ಣಿಗೆ ಏನಾಗೈತಿ? ಈಗ ಬಂದಾಕಿ ಆ ವಕೀಲನ ತಂಗಿ. ಆಕಿ ಉಟ್ಟ ಸೀರಿ ಇಳಕಲ್ ಅಂತ ತೋರಸಾಕತ್ತಾರ, ದಡಿ ನೋಡಿದ್ರ ಇಳಕಲ್ ಅಲ್ಲ."

"ಮತ್ತ ದಿನಾ ಯಾರು ಯಾರು ಅಂತ ಕೇಳ್ತಿದ್ರಿ?"

"ಸಾಲಿ ಬಿಟ್ಟ ಮ್ಯಾಲೆ ನಿನ್ನ ಪಾಠ ಕೇಳಾಕ ಯಾರದಾರ? ಒಂದು ಪ್ರಶ್ನಿ ಕೇಳಿದ್ರ ಗೇಣು ಎತ್ತರ ಆಗ್ತಿ. ಮುಖ ಹೆಂಗ ಅರಳ್ತೈತಿ ಗೊತ್ತೇನ? ಅದನ್ನ ನೋಡೂಣಂತ ಕೇಳ್ತಿದ್ನಿ." ಆಮೇಲೆ ಹೇಳಲೋ ಬೇಡವೋ ಎಂಬಂತೆ ಸೇರಿಸಿದರು. "ಮತ್ತ ನೀ ಹೇಳೂದು ಅರ್ಧಕ್ಕರ್ಧ ತಪ್ಪ ಇರ್ತೈತಿ. ಹ್ವಾದ ವಾರ ಪೊಲೀಸನ್ನ ಮದುಮಗ ಅಂದಿ. ಅಂವ ಮದುಮಗನ್ನ ಹಿಡಕೊಂಡ ಹೋಗಾಕ ಬಂದಿದ್ದ. ಅದು ಭಾಳ ಮಜಾ ಇರ್ತೈತಿ, ಅದಕ್ಕ ನಾ ತಿದ್ದಂಗಿಲ್ಲ."

ನಾನು ಮುನಿಸಿಕೊಂಡೆ. ಆ ಮುನಿಸು ಜಾಹೀರಾತು ಮುಗಿಯುವ ತನಕ ಇತ್ತು. ಧಾರಾವಾಹಿ ಮತ್ತೆ ಶುರುವಾದಾಗ ಬಿಳಿ ಅಂಗಿಯ ಒಬ್ಬ ಗಂಡಸು ಮೆಟ್ಟಿಲಿಳಿದು ಬಂದ. ವೈನಿ ಕಾಲು ಮಡಚಿ ಸರಿಯಾಗಿ ಕೂತು, ಏನೂ ನಡೆದೇ ಇಲ್ಲವೆಂಬಂತೆ ಕೇಳಿದರು. "ಶಾಲೂ, ಇಂವ ಯಾಂವ?"

ಉತ್ತರಿಸಬಾರದು ಎಂದುಕೊಂಡೆ. ಆದರೆ ನಮ್ಮ ವೃತ್ತಿಯಲ್ಲಿ ಕೇಳಿದ ಪ್ರಶ್ನೆಯನ್ನು ಹಾಗೇ ಬಿಡುವ ಪದ್ಧತಿಯಿಲ್ಲ. "ಅವರು ಡಾಕ್ಟ್ರು, ವೈನಿ" ಎಂದು ಶುರು ಮಾಡಿ, ಅವನ ಮನೆತನ, ಅವನ ಮೊದಲ ಪ್ರೇಮ, ಸೊಸೆಯ ಅಪ್ಪನಿಗೂ ಅವನಿಗೂ ಇರುವ ಹಳೆಯ ವೈಮನಸ್ಸು, ಎಲ್ಲವನ್ನೂ ವಿವರವಾಗಿ ಹೇಳಿದೆ. ಅಷ್ಟರಲ್ಲಿ ಆ ಡಾಕ್ಟರು ಟೀವಿಯಲ್ಲಿ ಯಾಕೋ ಒಲೆ ಹಚ್ಚಿ ಒಗ್ಗರಣೆ ಹಾಕತೊಡಗಿದ. ವೈನಿ ಸೆರಗನ್ನು ಬಾಯಿಗೆ ಹಿಡಿದುಕೊಂಡು ಕೇಳುತ್ತಿದ್ದರು. ನಗುತ್ತಿದ್ದರೋ ಏನೋ, ನನಗೆ ಅಷ್ಟು ಸ್ಪಷ್ಟವಾಗಿ ಕಾಣಲಿಲ್ಲ.