ಸಮುದ್ರಕ್ಕೆ ಪೊರಕೆ ಹಿಡಿದ ಅತ್ತೆ

ನಮ್ಮ ಸೋದರತ್ತೆ, ಅಂದರೆ ಅಪ್ಪನ ಅಕ್ಕ, ಅರಬ್ಬೀ ಸಮುದ್ರದ ಜೊತೆ ಜಗಳವಾಡಿ ಗೆದ್ದವರು. ಹಾಗಂತ ಅವರೇ ಹೇಳುತ್ತಾರೆ; ಸಮುದ್ರದ ಕಡೆಯ ಹೇಳಿಕೆ ಇನ್ನೂ ಬಂದಿಲ್ಲ.

ಅತ್ತೆ ಇರುವುದು ದೊಡ್ಡಬಳ್ಳಾಪುರದಲ್ಲಿ. ಅಷ್ಟು ದೂರದ ನೆರೆಯವರ ಜೊತೆ ಯಾರಾದರೂ ಜಗಳವಾಡುತ್ತಾರೆಯೇ?

ತಪ್ಪೆಲ್ಲ ಒಂದು ಆಮೆಯದು. ತೀರ್ಥಯಾತ್ರೆಗೆಂದು ಕರಾವಳಿಗೆ ಹೋಗಿದ್ದಾಗ ದೋಣಿಯವನೊಬ್ಬ ನಮಗೆ ಜನವಿಲ್ಲದ ಒಂದು ಕಡಲತೀರ ತೋರಿಸಿದ. ಮರಳಿನ ತುಂಬ ಬಾಟಲಿ, ಚಪ್ಪಲಿ, ಹರಿದ ಬಲೆ. ನೀರಿನಿಂದೆದ್ದ ಆಮೆಯ ಜಾಡು ಬಲೆಯ ರಾಶಿಯವರೆಗೆ ಬಂದು ಹಾಗೇ ಹಿಂತಿರುಗಿತ್ತು.

"ತಾನು ಹುಟ್ಟಿದ ದಂಡೆಗೇ ಮೊಟ್ಟೆ ಇಡೂಕೆ ಬತ್ತದೆ ಅಮ್ಮಾ. ದಾರಿ ಸಿಗ್ದೆ ವಾಪಸ್ ಹೋಯ್ತು" ಅಂದ.

ಅತ್ತೆ ಎದೆಯ ಮೇಲೆ ಕೈಯಿಟ್ಟುಕೊಂಡರು. "ಹೆರಿಗೆಗೆ ತವರಿಗೆ ಬಂದೋಳು ಬಾಗಿಲಿಂದ್ಲೇ ವಾಪಸ್ಸಾ?"

ನಮ್ಮೆಲ್ಲರ ನೆಮ್ಮದಿ ಅಲ್ಲಿಗೆ ಮುಗಿಯಿತು.

ಊರಿಗೆ ಬಂದ ಮೇಲೆ ಅತ್ತೆಯ ಪಕ್ಕದ ಮನೆಯ ಟೈಲರ್ ಭಾಯ್ ಬುದ್ಧಿ ಹೇಳಿ ನೋಡಿದರು. "ಅಕ್ಕಾ, ನಮ್ಮೂರ ಕೆರೇಲಿ ಪ್ಲಾಸ್ಟಿಕ್ ಕಮ್ಮೀನಾ?"

"ಕೆರೆಗೆ ಯಾರು ಬಾಣಂತನಕ್ಕೆ ಬರ್ತಾರೆ ಭಾಯ್?"

ಭಾಯ್ ಉತ್ತರ ಹುಡುಕುವಷ್ಟರಲ್ಲಿ ಅವರಿಗೂ ಟಿಕೆಟ್ ಆಗಿಹೋಗಿತ್ತು! ಅತ್ತೆಯ ಭಜನಾ ಮಂಡಳಿಯ ಹೆಂಗಸರು ಸಮಸ್ತರೂ ಪೊರಕೆಧಾರಿಗಳಾಗಿ ಬಸ್ಸು ಹತ್ತಿದರು.

"ಇಷ್ಟೊಂದು ಪೊರಕೆ ಎಲ್ಲಿಗಮ್ಮಾ?" ಅಂದ ಕಂಡಕ್ಟರ್.

"ಸಮುದ್ರ ಗುಡಿಸೋಕಪ್ಪಾ."

ಆತ ಆಮೇಲೆ ನಮ್ಮ ಸೀಟುಗಳ ಕಡೆ ತಲೆಯೆತ್ತಿ ನೋಡಲಿಲ್ಲ.

ಯುದ್ಧ ಶುರುವಾಯಿತು. ಅತ್ತೆ ಗುಡಿಸಿದ ಜಾಗಕ್ಕೆ ಅಲೆಯೊಂದು ಬಂದು ಒಂಟಿ ಚಪ್ಪಲಿ ಬಿಟ್ಟುಹೋಯಿತು. ಅತ್ತೆ ಸೊಂಟಕ್ಕೆ ಸೆರಗು ಸಿಕ್ಕಿಸಿದರು. "ಏನೇ! ನಾನು ಗುಡಿಸಿದ ಅಂಗಳಕ್ಕೇ ಕಸ ತಳ್ತೀಯಾ? ಮಾನ ಮರ್ಯಾದೆ ಇಲ್ವಾ?"

"ಅದು ಸಮುದ್ರದ್ದಲ್ಲ ಅಮ್ಮಾ" ಅಂದ ದೋಣಿಯವನು. "ನಮ್ ನಿಮ್ಮಂತವ್ರು ಎಸ್ದದ್ದೇ ಹೊಳೇಲಿ ಬಂದದ್ದು. ಸಮುದ್ರ ಚಪ್ಪಲಿ ಹಾಕ್ತದ್ಯಾ?"

ಅಂದಿನಿಂದ ಅತ್ತೆ ಸಮುದ್ರವನ್ನು ಬೈಯುವುದು ಬಿಟ್ಟು ನಮ್ಮನ್ನು ಬೈಯತೊಡಗಿದರು.

ಮಳೆಗಾಲ ಕಳೆದು ಮತ್ತೆ ಹೋದರೆ ದಂಡೆ ಮೊದಲಿನಂತೆಯೇ! ಭಾಯ್ ಕುಸಿದು ಕೂತರು. "ಅಕ್ಕಾ, ಇದು ಮುಗಿಯೋ ಕೆಲ್ಸಾನಾ?"

"ಮನೆ ಮುಂದೆ ಗುಡಿಸೋದು ಯಾವತ್ತಾದ್ರೂ ಮುಗಿದಿದ್ಯಾ? ಏಳಿ ಭಾಯ್."

ಭಾಯ್ ಎದ್ದರು. ಮರಳಲ್ಲಿ ಹೂತಿದ್ದ ಬಲೆ ಎಳೆದರೆ ಬರಲಿಲ್ಲ. ತಮ್ಮ ಕತ್ತರಿ ತೆಗೆದು ತುಂಡುತುಂಡಾಗಿ ಕತ್ತರಿಸಿದರು. "ಅಳತೆ ಇಲ್ದೆ ಕತ್ತರಿ ಹಾಕಿದ್ದು ಇದೇ ಮೊದಲು, ಖುದಾ ಮಾಫ್ ಮಾಡ್ಲಿ" ಅಂದರು. ಚೀಲಗಳನ್ನು ತುಂಬಿ ತುಂಬಿ ದೋಣಿಯೇ ವಾಲಿತು. ಅದರ ಮುಂದಿನ ವರ್ಷವೂ ಹೋದೆವು. ಜಾಡು ಕಾಣಲಿಲ್ಲ. ಅತ್ತೆ ಮತ್ತೆ ಪೊರಕೆ ಹಿಡಿದರು.

ಈ ಚಳಿಗಾಲದ ಒಂದು ಬೆಳಗ್ಗೆ ಜಾಡು ಕಂಡಿತು. ನೀರಿನಿಂದ ಎದ್ದು, ಬಲೆಯಿದ್ದ ಜಾಗ ದಾಟಿ, ಬಳ್ಳಿ ಹಬ್ಬಿದ ದಿಬ್ಬದವರೆಗೂ ಹೋಗಿತ್ತು. ಅಲ್ಲಿ ಮರಳು ತೋಡಿ ಮುಚ್ಚಿದ ಗುರುತು. ಅಲ್ಲಿಂದ ಸಮುದ್ರಕ್ಕೆ ಹಿಂತಿರುಗಿದ ಇನ್ನೊಂದು ಜಾಡು. ಭಜನಾ ಮಂಡಳಿ ಕೇಕೆ ಹಾಕಿತು. ಅತ್ತೆ ಮಾತ್ರ ಮೆಲ್ಲಗೆ ಕೂತುಕೊಂಡರು.

"ಒಳಗೆ ಬಂದು, ಕೂತು ಹೋಗಿದಾಳೆ ಕಣೋ."

ದೇವನಹಳ್ಳಿಯ ಹತ್ತಿರ ಅತ್ತೆ ಹುಟ್ಟಿದ ನಮ್ಮ ಹಳೇ ಮನೆಯ ಜಾಗದಲ್ಲಿ ಈಗ ದೊಡ್ಡ ಗೋದಾಮಿದೆ. ಗೌರಿ ಹಬ್ಬಕ್ಕೆ ನಮ್ಮ ಬಾಡಿಗೆ ಮನೆಗೆ ಬರುವಾಗ ಅತ್ತೆ ಆ ಗೇಟಿನ ಮುಂದೆ ಆಟೋ ನಿಲ್ಲಿಸಿ ಇಳಿಯುತ್ತಾರೆ. ವಾಚ್‌ಮನ್ ಕೇಳುತ್ತಾನೆ, "ಯಾರು ಬೇಕಿತ್ತಮ್ಮಾ?"

"ಯಾರೂ ಇಲ್ಲಪ್ಪಾ" ಅಂದು ಮತ್ತೆ ಆಟೋ ಹತ್ತುತ್ತಾರೆ.

ನಾನು ಮರಳಿನ ಮೇಲಿನ ಆ ಜಾಡನ್ನೇ ನೋಡುತ್ತಾ ನಿಂತೆ. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದರು. "ಏನ್ ನೋಡ್ತಾ ನಿಂತಿದ್ದೀಯಾ? ಚೀಲ ತಗೋ. ಅವಳ ಅಕ್ಕತಂಗೀರು ಇನ್ನೂ ಬರೋರಿದ್ದಾರೆ."