ಎರಡು ರೂಪಾಯಿಗೆ ಹತ್ತು ಸಹಿ

ಹೊಸದುರ್ಗದ ಬಸ್ ಸ್ಟ್ಯಾಂಡಿನಲ್ಲಿ, ಮಟಮಟ ಮಧ್ಯಾಹ್ನ, ಕೈಯಲ್ಲಿ ಅರ್ಧ ಖಾಲಿಯಾದ ನೀರಿನ ಬಾಟಲಿ ಹಿಡಿದು, ಮರುಳಸಿದ್ದಪ್ಪನವರು ಒಂದು ಮಹಾಪ್ರತಿಜ್ಞೆ ಮಾಡಿದರು. ಇನ್ನು ಮುಂದೆ ಚಿತ್ರದುರ್ಗ ಜಿಲ್ಲೆಯಲ್ಲಿ ಯಾವ ಅಂಗಡಿಯವನೂ ಅಚ್ಚಾದ ಬೆಲೆಯ ಮೇಲೆ ಒಂದು ಪೈಸೆ ಹೆಚ್ಚು ತೆಗೆದುಕೊಳ್ಳಬಾರದು. ತೆಗೆದುಕೊಂಡರೆ ತಾವು ಸುಮ್ಮನಿರುವುದಿಲ್ಲ! ಜಿಲ್ಲೆ ಇದನ್ನು ಕೇಳಿಸಿಕೊಂಡಿತೋ ಇಲ್ಲವೋ ಗೊತ್ತಿಲ್ಲ. ಕೂಲ್ ಡ್ರಿಂಕ್ಸ್ ಅಂಗಡಿಯ ಅಂಜನಪ್ಪನಂತೂ ಕೇಳಿಸಿಕೊಂಡು ಆಕಳಿಸಿದ.

ಬಾಟಲಿಯ ಮೇಲೆ ಅಚ್ಚಾಗಿದ್ದದ್ದು ಇಪ್ಪತ್ತು ರೂಪಾಯಿ. ಅಂಜನಪ್ಪ ಕೇಳಿದ್ದು ಇಪ್ಪತ್ತೆರಡು.

“ಈ ಎರಡು ರೂಪಾಯಿ ಯಾವುದಪ್ಪಾ?”

“ಕೂಲಿಂಗ್ ಚಾರ್ಜು.”

“ಎಲ್ಲಿ ಬರದೈತೆ ಅದು?”

“ಫ್ರಿಜ್ ಒಳಗೆ ಕೈ ಹಾಕಿ ನೋಡ್ರಿ, ಗೊತ್ತಾಗತೈತೆ.”

“ಹಂಗಾರೆ ತಣ್ಣಗಿಲ್ಲದ್ದು ಕೊಡು.”

“ಅದೂ ಇಪ್ಪತ್ತೆರಡೇ. ಫ್ರಿಜ್ ಒಳಗೆ ಹೋಗಾಕೆ ಕಾಯ್ತಾ ಕುಂತೈತಲ್ಲ, ಅದರ ಚಾರ್ಜು!”

ತಂಪು ನೀರು ಆಗಲೇ ಗಂಟಲಿಗಿಳಿದಿತ್ತು, ವಾಪಸ್ ಕೊಡುವಂತಿರಲಿಲ್ಲ. ಮರುಳಸಿದ್ದಪ್ಪನವರು ಎರಡು ರೂಪಾಯಿಯ ನಾಣ್ಯವನ್ನು ಗಾಜಿನ ಮೇಲೆ ಠಣ್ಣನೆ ಕುಕ್ಕಿ, ಮನೆಯ ದಾರಿ ಹಿಡಿದರು.

ಮನೆಯಲ್ಲಿ ಹೆಂಡತಿ ನಿಂಗಕ್ಕ ಬೆಳ್ಳುಳ್ಳಿ ಬಿಡಿಸುತ್ತಾ ಕೂತಿದ್ದರು. ಗಂಡನ ಯುದ್ಧವಾರ್ತೆಯನ್ನು ಪೂರ್ತಿ ಕೇಳಿ, “ಎರಡು ರೂಪಾಯಿಗೆ ಇಷ್ಟು ಬೆವರಿದ್ರೆ ಇನ್ನೊಂದು ಬಾಟ್ಲಿ ಬೇಕಾಗತೈತೆ ರೀ” ಎಂದರು.

“ರೂಪಾಯಿ ಪ್ರಶ್ನೆ ಅಲ್ಲ ನಿಂಗೀ, ನ್ಯಾಯದ ಪ್ರಶ್ನೆ! ಮೂವತ್ತೊಂದು ವರ್ಷ ಕಂಡಕ್ಟರ್ ಕೆಲಸ ಮಾಡಿದೀನಿ. ಟಿಕೆಟ್ ಮೇಲೆ ಎಷ್ಟು ಅಚ್ಚಾಗಿತ್ತೋ ಅಷ್ಟೇ ಇಸ್ಕಂಡಿದೀನಿ. ಒಂದು ಪೈಸೆ ಹೆಚ್ಚು ಮುಟ್ಟಿದ್ರೆ ಈ ಕೈ ಸೇದೋಗ್ಲಿ!”

ನಿಂಗಕ್ಕ ಆ ಕೈಯನ್ನೇ ಒಂದು ಗಳಿಗೆ ನೋಡಿದರು. ಏನೋ ಹೇಳಲು ಬಾಯಿ ತೆರೆದವರು, ಮೊರದಲ್ಲಿದ್ದ ಬೆಳ್ಳುಳ್ಳಿ ಸಿಪ್ಪೆಯನ್ನು ಉಫ್ ಎಂದು ಊದಿದರು.

ಶ್ರೀರಾಂಪುರದಿಂದ ಹೊರಟು ಹೊಸದುರ್ಗ ದಾಟಿ ಹೊಳಲ್ಕೆರೆ ಸೇರುವ ಒಂದು ಖಾಸಗಿ ಬಸ್ಸಿನಲ್ಲಿ ನಮ್ಮ ಮರುಳಸಿದ್ದಪ್ಪನವರು ಆಯುಷ್ಯವನ್ನೆಲ್ಲ ನಿಂತೇ ಕಳೆದವರು. ಸಂಪಾದಿಸಿದ್ದು ಎರಡಂಕಣದ ಮನೆ ಮತ್ತು ಒಳ್ಳೆಯ ಹೆಸರು. ಮನೆಗೆ ಸುಣ್ಣ ಬಳಿಸಿ ನಾಲ್ಕು ವರ್ಷವಾಗಿತ್ತು. ಹೆಸರನ್ನು ಮಾತ್ರ ದಿನಾ ಒರೆಸಿ ಇಟ್ಟುಕೊಳ್ಳುತ್ತಿದ್ದರು. ‘ಸಿದ್ದಪ್ಪನ ಕೈ ಶುದ್ಧ’ ಎಂದು ಊರೇ ಹೇಳುತ್ತದೆಂಬುದು ಅವರ ನಂಬಿಕೆ. ಊರು ಏನು ಹೇಳುತ್ತದೆ ಎಂದು ಊರನ್ನು ಕೇಳುವ ಪ್ರಸಂಗ ಅವರಿಗೆ ಅಲ್ಲಿಯವರೆಗೆ ಬಂದಿರಲಿಲ್ಲ.

ಮರುದಿನ ಬೆಳಿಗ್ಗೆಯೇ ತಾಲ್ಲೂಕು ಆಫೀಸಿನ ಎದುರು ಅರ್ಜಿ ಬರೆದುಕೊಡುವ ನಾಗಭೂಷಣನ ಮುಂದೆ ಹಾಜರಾದರು. ನಾಗಭೂಷಣ ಎರಡು ರೂಪಾಯಿಯ ಅನ್ಯಾಯವನ್ನು ಎರಡು ಪುಟ ಬರೆದ. ಓದಿದರೆ ಅಂಜನಪ್ಪ ಚಂಬಲ್ ಕಣಿವೆಯವನಿರಬೇಕು ಅನ್ನಿಸುತ್ತಿತ್ತು!

“ಆದ್ರೆ ಒಬ್ಬರೇ ಸಹಿ ಹಾಕಿದ್ರೆ ಅರ್ಜಿ ಡ್ರಾಯರ್ ಸೇರತೈತೆ ಸಿದ್ದಪ್ಪಾರೇ. ಹತ್ತು ಜನ ಹಾಕಿದ್ರೆ ಸಾಹೇಬರ ಟೇಬಲ್ ಸೇರತೈತೆ” ಎಂದ ನಾಗಭೂಷಣ.

“ಹಂಗಾರೆ ಮೊದಲನೇದು ನಿಂದೇ ಹಾಕು.”

“ಹಾಕ್ತೀನಿ, ಹಾಕ್ತೀನಿ. ಬರವಣಿಗೆ ಫೀಸೂ ಬ್ಯಾಡ. ಆದ್ರೆ ನಿಮ್ಮ ಕಡೆಯಿಂದ ನಂಗೆ ಮೂರೂವರೆ ರೂಪಾಯಿ ಬರಬೇಕು.”

“ಎಂಥಾ ಮೂರೂವರೆನಯ್ಯಾ?”

“ತೊಂಬತ್ತಾರರಾಗೆ. ಶ್ರೀರಾಂಪುರದಾಗೆ ಹತ್ತಿದ್ದೆ, ಐದು ಕೊಟ್ಟಿದ್ದೆ. ಟಿಕೆಟ್ ಹಿಂದೆ ಮೂರೂವರೆ ಅಂತ ಬರೆದುಕೊಟ್ರಿ. ನಂಗೆ ನಿದ್ದೆ ಬಂತು, ಹಂಗೇ ಇಳ್ಕಂಡ್ ಹೋದೆ.”

ಫೋನಿನಲ್ಲಿ ಟಿಕೆಟ್ ದುಡ್ಡು ಕೊಡುವ ಈಗಿನವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕಂಡಕ್ಟರರ ಬಳಿ ಚಿಲ್ಲರೆ ಇಲ್ಲದಿದ್ದರೆ, ಕೊಡಬೇಕಾದ ಬಾಕಿಯನ್ನು ಟಿಕೆಟ್ಟಿನ ಬೆನ್ನ ಮೇಲೆ ಗೀಚಿ, “ಇಳಿಯುವಾಗ ಕೇಳಿ ಇಸ್ಕಳ್ರಿ” ಅನ್ನುತ್ತಾರೆ. ನೆನಪಿದ್ದವರು ಕೇಳಿ ಇಸಿದುಕೊಳ್ಳುತ್ತಾರೆ. ಮರೆತವರು, ಕಂಕುಳಲ್ಲಿ ಕೂಸು, ತಲೆಯ ಮೇಲೆ ಗಂಟು ಇದ್ದವರು, ಬಾಗಿಲ ಹತ್ತಿರ ನುಗ್ಗಾಟ ಕಂಡು ಹೆದರಿದವರು ಸುಮ್ಮನೆ ಇಳಿದು ಹೋಗುತ್ತಾರೆ. ಬಸ್ಸು ಮುಂದೆ ಹೋಗುತ್ತದೆ.

ಮರುಳಸಿದ್ದಪ್ಪನವರು ನಾಲ್ಕು ರೂಪಾಯಿ ಕೊಟ್ಟು, “ಎಂಟಾಣೆ ನೀನೇ ಇಟ್ಕೋ” ಎಂದು ದೊಡ್ಡ ಮನಸ್ಸು ಮಾಡಿ, ಸಹಿ ಹಾಕಿಸಿಕೊಂಡರು. ಅಲ್ಲಿಂದ ಹಾಸಿಗೆ ಅಂಗಡಿಯ ಹಫೀಜನ ಬಳಿ ಹೋದರು. ಹಫೀಜನ ಮನೆಯವರು ಮುತ್ತಾತನ ಮುತ್ತಾತನ ಕಾಲದಿಂದ ಊರಿಗೆಲ್ಲ ಹತ್ತಿ ತುಂಬಿಕೊಡುವವರು.

“ಬರ್ರಿ ಸಿದ್ದಪ್ಪಣ್ಣ, ಕುಂತ್ಕಳ್ರಿ. ಸಹಿ ಹಾಕಾಕೆ ನಂದೇನು ಗಂಟು ಹೋಗತೈತೆ?” ಎಂದು ಹಫೀಜ್ ಪೆನ್ನು ತೆಗೆದವನು ಅಲ್ಲೇ ನಿಲ್ಲಿಸಿದ. “ಒಂದು ಮಾತು. ನಮ್ಮ ಅಬ್ಬಾದು ನಾಲ್ಕು ರೂಪಾಯಿ ನಿಮ್ಮ ತಾವ ಐತೆ. ಪಾಪ, ಸಾಯೋ ತಂಕ ಹೇಳ್ತಿದ್ರು. ಹಜ್‌ಗೆ ಹೋಗೋ ಮುಂಚೆ ಎಲ್ಲರನ್ನೂ ಕ್ಷಮಿಸಿದ್ರು, ನಿಮ್ಮೊಬ್ಬರನ್ನ ಬಿಟ್ಟು!”

ಬಸ್ಸಿನ ಚಿಲ್ಲರೆಗೂ ವಾರಸುದಾರರು! ಸ್ವರ್ಗದವರೆಗೆ ಹೋದ ಬಾಕಿಯನ್ನು ಮರುಳಸಿದ್ದಪ್ಪನವರು ನಾಣ್ಯ ಎಣಿಸಿ ತೀರಿಸಿದರು.

ಸಂಜೆಯೊಳಗೆ ಸುದ್ದಿ ಬೀದಿಗೆಲ್ಲ ಹಬ್ಬಿತು. ಸುದ್ದಿ ಹಬ್ಬುವಾಗ ಸ್ವಲ್ಪ ಊದಿಕೊಳ್ಳುವುದು ಸಹಜ. ‘ಒಂದು ಸಹಿ ಹಾಕಿದ್ರೆ ಕಂಡಕ್ಟರ್ ಸಿದ್ದಪ್ಪ ಹಳೇ ಚಿಲ್ಲರೆ ವಾಪಸ್ ಕೊಡ್ತಾನಂತೆ’ ಎಂದು ಜನ ತಾವಾಗಿಯೇ ಬಂದು ಜಗಲಿಯ ಮೇಲೆ ಸಾಲಾಗಿ ಕೂತರು. ಮರುಳಸಿದ್ದಪ್ಪನವರು ಗೂಟದಲ್ಲಿ ತೂಗುತ್ತಿದ್ದ ಹಳೆಯ ಚರ್ಮದ ಚೀಲ ಇಳಿಸಿ ಹೆಗಲಿಗೆ ಹಾಕಿಕೊಂಡರು. ಮೂವತ್ತೊಂದು ವರ್ಷ ಆ ಚೀಲದೊಳಕ್ಕೆ ದುಡ್ಡು ಹಾಕಿದ ಕೈ ಇವತ್ತು ಹೊರಕ್ಕೆ ತೆಗೆಯತೊಡಗಿತು. ಒಬ್ಬನಂತೂ ಹಿರಿಯೂರಿನವನು, ನೆಂಟರ ಮನೆಗೆ ಬಂದವನು, ಹತ್ತು ರೂಪಾಯಿ ಕೇಳಿದ.

“ನಮ್ಮ ಬಸ್ಸು ಹಿರಿಯೂರಿಗೆ ಹೋಗೇ ಇಲ್ವಲ್ಲಪ್ಪಾ!”

“ಅದೇ ಆಗಿದ್ದು ನೋಡ್ರಿ! ನೀವು ಬರಲಿಲ್ಲ ಅಂತ ಬೇರೆ ಬಸ್ ಹತ್ತಿದೆ. ಆ ಕಂಡಕ್ಟ್ರು ಹತ್ತು ರೂಪಾಯಿ ನುಂಗಿದ. ನೀವಾಗಿದ್ರೆ ಎರಡು ಮೂರರಲ್ಲೇ ಮುಗೀತಿತ್ತು.”

ಅವನಿಗೂ ಕೊಟ್ಟರು. ಹೊಗಳಿಕೆಯೋ ಬೈಗುಳವೋ ತಿಳಿಯದೆ ಕೊಟ್ಟರು!

ಎಂಟು ಸಹಿಯಾಗಿ ಜನ ಕರಗಿದ ಮೇಲೆ ಬರಿದಾದ ಚೀಲ ಮಡಿಲಲ್ಲಿಟ್ಟುಕೊಂಡು ಕೂತ ಗಂಡನ ಮುಂದೆ ನಿಂಗಕ್ಕ ಟೀ ಲೋಟ ಇಟ್ಟರು. ಮರುಳಸಿದ್ದಪ್ಪನವರ ಸಿಟ್ಟು ಒಳಗೇ ಕುದಿಯುತ್ತಿತ್ತು.

“ನಾನು ಯಾರದ್ದೂ ತಗಂಡಿಲ್ಲ ಕಣೇ! ಅವರೇ ಬಿಟ್ಟು ಹೋದ್ರು.”

“ಅಂಜನಪ್ಪನೂ ಅದನ್ನೇ ಅಂತಾನೆ. ನಾನು ಕಿತ್ಕಂಡಿಲ್ಲ, ಅವರೇ ಕೊಟ್ಟು ಹೋದ್ರು ಅಂತ.”

“ಅದೂ ಇದೂ ಒಂದೇ ಏನೇ?”

“ದಿನಾ ಸಂಜೆ ಮಂಡಕ್ಕಿ ಮೆಣಸಿನಕಾಯಿ ಕಟ್ಟಿಸ್ಕಂಡು ಬರ್ತಿದ್ರಲ್ಲ, ಅದು ಯಾವ ದುಡ್ಡು?”

ಮರುಳಸಿದ್ದಪ್ಪನವರು ಟೀ ಲೋಟದೊಳಗೆ ಏನೋ ಬಿದ್ದಿದೆ ಎಂಬಂತೆ ನೋಡಿದರು. ಸಂಜೆ ಬಸ್ಸಿನ ಸಾಹುಕಾರರಿಗೆ ಟಿಕೆಟ್ ದುಡ್ಡು ಒಪ್ಪಿಸಿದ ಮೇಲೂ ಚೀಲದ ತಳದಲ್ಲಿ ಒಂದಿಷ್ಟು ಚಿಲ್ಲರೆ ಉಳಿಯುತ್ತಿತ್ತು. ಅದಕ್ಕೆ ಅವರು ಎಂದೂ ಹೆಸರಿಟ್ಟಿರಲಿಲ್ಲ. ಹೆಸರಿಡದಿದ್ದರೆ ಅದು ಕಳ್ಳತನವಾಗುವುದಿಲ್ಲವೆಂದು ಎಷ್ಟು ನೆಮ್ಮದಿಯಾಗಿ ನಂಬಿದ್ದರು!

“ನೀನೂ ತಿಂದಿದೀಯಲ್ಲ” ಎಂದರು ಸಣ್ಣ ದನಿಯಲ್ಲಿ.

“ಹೂಂ ಮತ್ತೆ! ಅದಕ್ಕೇ ಇಷ್ಟು ವರ್ಷ ಬಾಯಿ ಮುಚ್ಕಂಡಿದ್ದೆ. ಕೊಡ್ರಿ ಇಲ್ಲಿ, ಒಂಬತ್ತನೇ ಸಹಿ ನಂದು. ನಂಗೇನೂ ಕೊಡೋದು ಬ್ಯಾಡ, ನಂದೆಲ್ಲ ಮಂಡಕ್ಕಿಯಾಗೆ ತೀರೈತೆ.”

ಮಾರನೆಯ ದಿನ ಅರ್ಜಿ ಹಿಡಿದು, ಅಂಗಡಿಗಳ ತೂಕ-ಬೆಲೆ ನೋಡುವ ಇಲಾಖೆಯ ಜಿಲ್ಲಾ ಕಚೇರಿಗೆಂದು ಚಿತ್ರದುರ್ಗಕ್ಕೆ ಹೊರಟರು. ಮನೆಯ ಚಿಲ್ಲರೆಯೆಲ್ಲ ಹಂಚಿಹೋಗಿದ್ದರಿಂದ ನಿಂಗಕ್ಕ ಒಂದು ನೂರರ ನೋಟು, ಒಂದು ಇನ್ನೂರರ ನೋಟು ಕೊಟ್ಟು ಕಳಿಸಿದ್ದರು. ಹತ್ತನೆಯ ಸಹಿ ಇನ್ನೂ ಬಾಕಿಯಿತ್ತು. ಬಸ್ ಸ್ಟ್ಯಾಂಡಿನ ಮೂಲೆಯಲ್ಲಿ ಸೊಪ್ಪು ಮಾರುವ ಜುಂಜಮ್ಮ ಕಂಡಳು. ವಿಷಯ ಹೇಳಿದ್ದೇ ತಡ, ಆಕೆ ಒದ್ದೆ ಕೈಯನ್ನು ಸೆರಗಿಗೆ ಒರೆಸಿ ಹೆಬ್ಬೆಟ್ಟು ಒತ್ತಿಬಿಟ್ಟಳು. ಒಂದು ಮಾತು ಕೇಳಲಿಲ್ಲ!

“ನಿಂಗೆಷ್ಟು ಬರಬೇಕಮ್ಮಾ ನನ್ನಿಂದ?” ಎಂದು ಮರುಳಸಿದ್ದಪ್ಪನವರೇ ಕೇಳಿದರು. ಎರಡು ದಿನದಲ್ಲಿ ಅಭ್ಯಾಸವಾಗಿಹೋಗಿತ್ತು.

“ಬಿಡಣ್ಣ, ಹಳೇದು.”

“ಇಲ್ಲ, ಹೇಳು.”

“ನನ್ನ ಮಗಳಿಗೆ ಜ್ವರ ಬಂದಿತ್ತು. ಹೊಳಲ್ಕೆರೆ ಡಾಕ್ಟ್ರ ತಾವ ಕರ್ಕಂಡು ಹೋಗಿದ್ದೆ. ಹತ್ತರ ನೋಟು ಕೊಟ್ಟೆ, ಮೂರು ರೂಪಾಯಿ ಟಿಕೆಟ್ಟು. ಚಿಲ್ಲರೆ ಇಲ್ಲ ಅಂದ್ರಿ, ಚೀಟಿ ಹಿಂದೆ ಏನೋ ಬರೆದ್ರಿ. ನಂಗೆ ಓದಾಕೆ ಬರಲ್ಲ. ಇಲ್ಲ ಅಂದ್ರಲ್ಲ, ಇಲ್ಲ ಅಂತ ಇಳ್ಕಂಡೆ. ಡಾಕ್ಟ್ರಿಗೆ ಕೊಟ್ಟ ಮ್ಯಾಲೆ ಬರಾಕೆ ದುಡ್ಡಿರಲಿಲ್ಲ. ನಮ್ಮೂರು ರಾಮಗಿರಿ ತಂಕ ಮಗೀನ ಎತ್ಕಂಡು ನಡ್ಕಂಡು ಬಂದೆ.”

ಮರುಳಸಿದ್ದಪ್ಪನವರು ಆಕೆಯ ಮುಂದೆ ಕುಕ್ಕರಿಸಿದರು. “ಮಗಳು... ಆಮೇಲೆ?”

“ಚೆನ್ನಾಗವ್ಳಣ್ಣ! ಐಮಂಗಲಕ್ಕೆ ಕೊಟ್ಟೈತೆ, ಎರಡು ಮಕ್ಳವೆ.”

ಜೀವ ಬಂದಂತಾಗಿ ಮರುಳಸಿದ್ದಪ್ಪನವರು ನೂರರ ನೋಟನ್ನೇ ಚಾಚಿದರು. ಜುಂಜಮ್ಮ ಕೈ ಹಿಂದಕ್ಕೆಳೆದುಕೊಂಡಳು. “ಇಷ್ಟು ಯಾಕಣ್ಣ? ಬರಬೇಕಾದ್ದು ಏಳು. ಕೊಡೋದಾದ್ರೆ ಏಳೇ ಕೊಡು.”

ಮರುಳಸಿದ್ದಪ್ಪನವರು ಜೇಬು ತಡಕಿದರು. ಏಳು ರೂಪಾಯಿ ಇರಲಿಲ್ಲ! ಈ ಹೆಂಗಸಿಗೆ ಎರಡನೇ ಸಲ ‘ಚಿಲ್ಲರೆ ಇಲ್ಲ’ ಎನ್ನುವುದಕ್ಕೆ ಅವರ ನಾಲಿಗೆ ಏಳಲಿಲ್ಲ. ಸುತ್ತ ನೋಡಿದರು. ಹತ್ತಿರದಲ್ಲಿದ್ದದ್ದು ಅಂಜನಪ್ಪನ ಅಂಗಡಿಯೊಂದೇ.

“ನೂರಕ್ಕೆ ಚಿಲ್ಲರೆ ಕೊಡಪ್ಪಾ.”

“ಸುಮ್ಮನೆ ಚಿಲ್ಲರೆ ಎಲ್ಲಿಂದ ತರಾಣ? ಏನಾದ್ರೂ ತಗಳ್ರಿ, ಕೊಡ್ತೀನಿ.”

“ನೀರಿನ ಬಾಟ್ಲಿ ಕೊಡು.”

“ಇಪ್ಪತ್ತೆರಡು.”

“ಗೊತ್ತು. ಬೇಗ ಕೊಡು.”

ಅಂಜನಪ್ಪ ಗಾಬರಿಯಾದ. “ಯಾಕ್ರೀ ಸಿದ್ದಪ್ಪಾರೇ, ಆರಾಮಿಲ್ವಾ?” ಎಂದು ಎಪ್ಪತ್ತೆಂಟು ರೂಪಾಯಿ ಎಣಿಸಿ ಕೊಟ್ಟ. ಅವನ ಮೇಲಿನ ದೂರನ್ನು ಜೇಬಿನಲ್ಲಿಟ್ಟುಕೊಂಡೇ ಮರುಳಸಿದ್ದಪ್ಪನವರು ಅವನಿಗೆ ಎರಡು ರೂಪಾಯಿ ಹೆಚ್ಚು ಕೊಟ್ಟು ಬಂದರು. ಜುಂಜಮ್ಮ ಐದರದೊಂದು, ಎರಡರದೊಂದು ನಾಣ್ಯವನ್ನು ಸೆರಗಿನ ತುದಿಗೆ ಗಂಟು ಹಾಕಿ, “ಸರಿ ಹೋತು ಬಿಡಣ್ಣ” ಎಂದಳು. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವರಿಗೆ.

ಬಸ್ಸು ಕಿಕ್ಕಿರಿದಿತ್ತು. ಟಿಕೆಟ್ ಎಂಬತ್ತು ರೂಪಾಯಿ. ಉಳಿದಿದ್ದ ಎಪ್ಪತ್ತೊಂದು ಸಾಲದೆ ಇನ್ನೂರರ ನೋಟು ಕೊಟ್ಟು, ಕಿಟಕಿಯ ಪಕ್ಕ ಹೇಗೋ ಜಾಗ ಹಿಡಿದು ಕೂತರು. ರಾಮಗಿರಿ ದಾಟಿತು. ಹೊಳಲ್ಕೆರೆ ಇನ್ನೂ ಬರಲಿಲ್ಲ. ಈ ದಾರಿಯಲ್ಲಿ ಸಾವಿರಾರು ಸಲ ಓಡಾಡಿದವರಿಗೆ ಇದು ಇಷ್ಟು ಉದ್ದವಿದೆಯೆಂದು ಗೊತ್ತೇ ಇರಲಿಲ್ಲ. ಬಸ್ಸಿಗೇ ಇಷ್ಟು ಹೊತ್ತು ಹಿಡಿಯುವ ದಾರಿಯನ್ನು ಜ್ವರದ ಮಗುವನ್ನು ಎತ್ತಿಕೊಂಡು ಒಬ್ಬಳು ನಡೆದಿದ್ದಾಳೆ! ಅವತ್ತೂ ತಾವು ಮಂಡಕ್ಕಿ ಕಟ್ಟಿಸಿಕೊಂಡು ಮನೆಗೆ ಹೋಗಿರಬೇಕು. ಹೊರಗೆ ಬಿಸಿಲು ಸುಡುತ್ತಿತ್ತು, ಕೈಯಲ್ಲಿದ್ದ ಬಾಟಲಿ ಬಿಸಿಯಾಗಿತ್ತು, ಅವರು ಮುಚ್ಚಳವನ್ನೂ ತೆಗೆಯಲಿಲ್ಲ. ಚಿತ್ರದುರ್ಗ ಬಂದದ್ದು ಪಕ್ಕದವರು ಭುಜ ಅಲ್ಲಾಡಿಸಿದಾಗಲೇ ತಿಳಿದದ್ದು. ದಡಬಡ ಇಳಿದು, ದಾರಿ ಕೇಳುತ್ತಾ ಕಚೇರಿ ಮುಟ್ಟಿದರು.

ಅಲ್ಲಿ ಕೂತಿದ್ದ ಅಧಿಕಾರಿ ಕನ್ನಡಕ ಹಾಕಿದ ತರುಣಿ. ಎರಡು ಪುಟವನ್ನೂ, ಹತ್ತು ಸಹಿಯನ್ನೂ ಗಮನವಿಟ್ಟು ಓದಿದಳು. ನಕ್ಕು ತಳ್ಳಿಹಾಕಲಿಲ್ಲ. ಮೊಹರು ಒತ್ತಿ ದಾಖಲಿಸಿಕೊಂಡಳು.

“ಒಳ್ಳೇ ಕೆಲಸ ಮಾಡಿದ್ದೀರಿ ಯಜಮಾನ್ರೇ. ಎರಡು ರೂಪಾಯಿ ತಾನೇ ಅಂತ ಎಲ್ಲರೂ ಸುಮ್ಮನಾಗ್ತಾರೆ. ನಾವೇ ಬಂದು ಅಂಗಡಿ ನೋಡ್ತೀವಿ. ಬಿಲ್ ಏನಾದರೂ ಇದೆಯಾ?”

‘ಎಲ್ಲರೂ ಸುಮ್ಮನಾಗ್ತಾರೆ’ ಎಂಬ ಮಾತು ಎಲ್ಲಿಗೆ ತಾಗಬೇಕೋ ಅಲ್ಲಿಗೇ ತಾಗಿತು. ಆ ತಳಮಳದಲ್ಲೇ ಮರುಳಸಿದ್ದಪ್ಪನವರು ಜೇಬಿಗೆ ಕೈ ಹಾಕಿ, ಸಿಕ್ಕಿದ ಒಂದೇ ಒಂದು ಚೀಟಿಯನ್ನು ಮೇಜಿನ ಮೇಲಿಟ್ಟರು. ಆಕೆ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಕನ್ನಡಕ ತೆಗೆದು ಮತ್ತೊಮ್ಮೆ ನೋಡಿದಳು.

“ಇದು ಬಸ್ ಟಿಕೆಟ್ಟು ಯಜಮಾನ್ರೇ. ನಿಮಗೆ ನೂರಿಪ್ಪತ್ತು ರೂಪಾಯಿ ಬರಬೇಕು ಅಂತ ಕಂಡಕ್ಟರ್ ಹಿಂದೆ ಬರೆದಿದ್ದಾರೆ. ಆದರೆ ಇದು ನಮ್ಮ ಇಲಾಖೆಗೆ ಬರಲ್ಲ.”