ನಾನು ಹೆರದ ಮಗ ನವೀನ

ಮದುವೆಯಾದ ಹೆಣ್ಣಿನ ಹೊಟ್ಟೆ ನಮ್ಮ ಕಡಯಂಪಟ್ಟಿಯಲ್ಲಿ ಬಸ್ ಸ್ಟ್ಯಾಂಡಿನ ಬೆಂಚಿದ್ದ ಹಾಗೆ. ಯಾರು ಬೇಕಾದರೂ ಬಂದು ಕೂತು, "ಏನವ್ವ, ಏನಾದ್ರೂ ವಿಶೇಷ ಐತಾ?" ಎಂದು ವಿಚಾರಿಸಬಹುದು. ಹೂವಿನವಳು ಕೇಳುತ್ತಾಳೆ, ರೇಷನ್ ಅಂಗಡಿಯವನು ಕೇಳುತ್ತಾನೆ. ನಮ್ಮ ಮಗ್ಗಕ್ಕೆ ರೇಷ್ಮೆ ನೂಲು ತಂದುಕೊಡುವವನಂತೂ ನೂಲು ಇಳಿಸುವ ಮೊದಲೇ ಕೇಳುತ್ತಾನೆ. ಕೋಪ ಮಾಡಿಕೊಳ್ಳುವ ಹಾಗಿಲ್ಲ, ಎಲ್ಲರಿಗೂ ನನ್ನ ಮೇಲೆ ಪ್ರೀತಿಯಂತೆ. ಆ ಪ್ರೀತಿಗಿಷ್ಟು ಬೆಂಕಿ ಹಾಕ.

ನನಗೆ ಬೇಕಾಗಿದ್ದುದು ಇನ್ನೆರಡು ವರ್ಷ. ಓಮಲೂರಿನ ಖಾಸಗಿ ಶಾಲೆಯೊಂದರಲ್ಲಿ ಎಲ್‌ಕೆಜಿ ಮಕ್ಕಳಿಗೆ ಪಾಠ ಹೇಳುತ್ತ ಬಿ.ಎಡ್. ಓದುತ್ತಿದ್ದೇನೆ. ಬಸುರಿ ಟೀಚರನ್ನು ಆ ಶಾಲೆಯವರು ಶಾಲು ಹೊದಿಸಿ, ಸಿಹಿ ತಿನ್ನಿಸಿ ಕಳಿಸುತ್ತಾರೆ, ಮತ್ತೆ ಕರೆಯುವುದಿಲ್ಲ. ನಮ್ಮವರಿಗೆ ಇದನ್ನೆಲ್ಲ ಹೇಳಿದೆ. "ನಿನ್ನಿಷ್ಟ. ಅಮ್ಮನ್ಗೆ ನಾನ್ ಸೊಲ್ಲಿ ಒಪ್ಪಿಸ್ತೀನಿ, ಬುಡು" ಎಂದು ತಮಿಳು ಬೆರೆತ ನಮ್ಮ ಮನೆಗನ್ನಡದಲ್ಲಿ ಹೇಳಿದರು. ನೇಯುವ ಕೈ ಅವರದು. ರೇಷ್ಮೆಯ ಒಂದೆಳೆ ಕಡಿದರೂ ತಾಳ್ಮೆಯಿಂದ ಹುಡುಕಿ ಗಂಟು ಹಾಕುತ್ತಾರೆ. ಆ ತಾಳ್ಮೆಯಿಂದಲೇ ತಾಯಿಯನ್ನು ಇವತ್ತಿಗೂ ಒಪ್ಪಿಸುತ್ತಲೇ ಇದ್ದಾರೆ.

ಕಾಪರ್-ಟಿ ಹಾಕಿಸಿಕೊಳ್ಳೋಣವೆಂದು, ಅದಿಯಮಾನ್‌ಕೋಟೆಯ ತವರಿಗೆ ಹೋದ ನೆಪದಲ್ಲಿ ಧರ್ಮಪುರಿಯ ಒಬ್ಬ ಡಾಕ್ಟರಮ್ಮನನ್ನು ಕಂಡೆ. ಎಷ್ಟು ಮಕ್ಕಳು ಎಂದರು. ಇನ್ನೂ ಇಲ್ಲ ಎಂದೆ. "ಮೊದಲ್ಲ ಒಣ್ಣು ಪೆತ್ತುಕ್ಕಿಟ್ಟು ವಾಮ್ಮಾ" ಎಂದರು. ಮೊದಲು ಒಂದು ಹೆತ್ತು ಬರಬೇಕಂತೆ, ಆಮೇಲೆ ಹಾಕುತ್ತಾರಂತೆ. ಹೆರದವರಿಗೂ ಹಾಕಬಹುದೆಂದು ಓದಿದ್ದೇನಲ್ಲ ಮೇಡಂ ಎಂದೆ. "ಡಾಕ್ಟರ್ ನೀಯಾ, ನಾನಾ?" ಎಂದರು. ಬಾಗಿಲಿಗೆ ಬೀಗ ಕೇಳಲು ಹೋದವಳಿಗೆ, ನೆಂಟರು ಬಂದು ಒಳಗೆ ಕೂತ ಮೇಲೆ ಬಾ ಎಂದ ಹಾಗಾಯಿತು.

ಆದ್ದರಿಂದ ಓಮಲೂರಿನ ಆಸ್ಪತ್ರೆಯಲ್ಲಿ ನರ್ಸಮ್ಮ ಅದೇ ಪ್ರಶ್ನೆ ಕೇಳಿದಾಗ, "ಒಬ್ಬ ಮಗ" ಎಂದುಬಿಟ್ಟೆ. ಮಗಳು ಎನ್ನಬಹುದಿತ್ತು. ಆದರೆ ಮಗಳೆಂದರೆ ಇನ್ನೊಂದು ನೋಡಿಬಿಟ್ಟು ಬಾ ಎನ್ನುತ್ತಾರೆ. ನಮ್ಮಲ್ಲಿ ಸುಳ್ಳಿಗೂ ಗಂಡನ್ನೇ ಹೆರಬೇಕು. ಹೆಸರು ನವೀನ, ನಾಲ್ಕು ವರ್ಷ, ಸೀಮೆಸುಣ್ಣ ತಿನ್ನುತ್ತಾನೆ ಎಂದೆಲ್ಲ ನನ್ನ ತರಗತಿಯ ಒಬ್ಬನ ಗುಣಗಳನ್ನು ಅವನಿಗೆ ತೊಡಿಸಿದೆ. ನನಗೆ ಮದುವೆಯಾಗಿ ಎರಡೇ ವರ್ಷ ಎಂಬುದು ಹೊಳೆಯಲೇ ಇಲ್ಲ. ಮಗ ಹುಟ್ಟಿದ್ದೇ ತಡ, ಮರ್ಯಾದೆ ಬಂತು. ಕುಳಿತುಕೊಳ್ಳಿ ಎಂದರು, ಫ್ಯಾನ್ ಹಾಕಿದರು. ಒಳಗೆ ಮಾತ್ರ ಜೀವ ಹೋಗುವಷ್ಟು ನೋವಾಯಿತು. "ಹೆತ್ತವಳಿಗೆ ಇದೆಲ್ಲ ಒಂದು ನೋವಾಮ್ಮಾ?" ಎಂದರು ನರ್ಸಮ್ಮ. ನಾನು ಹೆತ್ತವಳಲ್ಲವೇ, ಹಲ್ಲು ಕಚ್ಚಿಕೊಂಡೆ. ಇಷ್ಟು ಸುಳ್ಳು ಹೇಳಿದ ಪುಣ್ಯಾತ್ಗಿತ್ತಿ ವಿಳಾಸವನ್ನು ಮಾತ್ರ ನಿಜ ಹೇಳಿ ಬಂದೆ.

ಒಂದು ಭಾನುವಾರ ಆ ನರ್ಸಮ್ಮ ನಮ್ಮ ಬೀದಿಯಲ್ಲಿ ಹಾದು ಹೋಗುವಾಗ, ಹೇಗಿದ್ದೇನೆಂದು ನೋಡಲು ಬಂದೇಬಿಟ್ಟರು. ಹೊಸ್ತಿಲಲ್ಲಿ ನೂಲು ಸುತ್ತುತ್ತಿದ್ದ ಅತ್ತೆಯನ್ನು, "ಪಾಟ್ಟಿ, ಪೇರನ್ ನವೀನ್ ಎಂಗೆ?" ಎಂದು ವಿಚಾರಿಸಿದರು. ಮೊಮ್ಮಗ ಎಲ್ಲಿ ಎಂದರೆ ಅತ್ತೆ ಏನು ಹೇಳಿಯಾರು ಎಂದು ನಾನೇ ಓಡಿ ಬಂದು, ನಮ್ಮಮ್ಮನ ಮನೆಯಲ್ಲಿದ್ದಾನೆ, ಅಲ್ಲೇ ಶಾಲೆಗೆ ಹಾಕಿದ್ದೇವೆ ಎಂದೆ. ನರ್ಸಮ್ಮ ನನ್ನ ಕ್ಷೇಮ ಕೇಳಿ, ನಾಲ್ಕು ವರ್ಷಕ್ಕೇ ಶಾಲೆಗೆ ಹಾಕಿದ್ದು ಒಳ್ಳೆಯದಾಯಿತು ಎಂದು ಹೊಗಳಿ ಹೋದರು.

ಅತ್ತೆ ಅವತ್ತೆಲ್ಲ ನೂಲು ಸುತ್ತುತ್ತಲೇ ಇದ್ದರು. ಮರುದಿನ ಬೆಳಿಗ್ಗೆ ಅಡುಗೆಮನೆಗೆ ಬಂದು ನನ್ನ ಕೈ ಹಿಡಿದುಕೊಂಡರು. "ನೋಡವ್ವ, ಮದ್ವೆಗ್ ಮುಂಚೆ ಏನೋ ಆಗೋಗೈತೆ. ಓಗ್ಲಿ ಬುಡು. ಮಗಾ ನಿಮ್ಮಮ್ಮನ್ ತಾವ ಬೆಳೀತಾವ್ನಾ? ಕರ್ಕೊಂಬಾ. ಯಾರಾನಾ ಕೇಳಿದ್ರೆ ನಿಮ್ಮಕ್ಕನ್ ಮಗ ಅನ್ನಾನ. ನೀನು ಬಂಜೆ ಅಲ್ವಲ್ಲ, ನಂಗಷ್ಟು ಸಾಕು" ಎಂದರು. ಕಣ್ಣು ಒದ್ದೆಯಾಗಿತ್ತು. ನನಗೂ ಅಳು ಬಂತು. ಇಂಥ ದೊಡ್ಡ ಮನಸ್ಸಿನವರಿಗೆ ಎರಡು ವರ್ಷ ಕಾಯುವುದು ಯಾವ ಲೆಕ್ಕ ಎಂದುಕೊಂಡು, ಮಗ ಇಲ್ಲವೆಂಬುದನ್ನೂ ಕಾಪರ್-ಟಿ ಇದೆಯೆಂಬುದನ್ನೂ ಒಟ್ಟಿಗೇ ಹೇಳಿದೆ.

ಅತ್ತೆ ಕೈ ಬಿಟ್ಟರು. "ಬ್ಯಾಡಾಂತ ನೀನೇ ಓಗಿ ಹಾಕಿಸ್ಕಂಡ್ಯಾ?" ಎಂದರು. ಮಗ್ಗದ ಹತ್ತಿರ ಹೋಗಿ ಮಗನನ್ನು ಕೇಳಿದರು: "ಲೇ, ನಿನ್ಗೆ ಗೊತ್ತಾ ಇದು?" ಆ ದಿನ ನನ್ನನ್ನು ಬೈಕಿನಲ್ಲಿ ಆಸ್ಪತ್ರೆಗೆ ಬಿಟ್ಟು, ಹೊರಗೆ ಕೂತು ಟೀ ಕುಡಿದ ಮಹಾನುಭಾವರು ತಲೆ ಎತ್ತದೆ, "ನಂಗೇನ್ ತೆರಿಯುಮ್ಮಾ?" ಎಂದರು. ಅವರಿಗೇನೂ ಗೊತ್ತಿಲ್ಲವಂತೆ. ಲಾಳಿ ಅತ್ತಿಂದಿತ್ತ ಓಡುತ್ತಲೇ ಇತ್ತು.

ತೆಗೆಸು, ಇಲ್ಲವೇ ನಿಮ್ಮಮ್ಮನ ಮನೆಗೆ ಹೋಗು ಎಂದು ಅತ್ತೆಯ ತೀರ್ಪು. ನಾನು ತೆಗೆಸಿಲ್ಲ, ಹೋಗಿಯೂ ಇಲ್ಲ. ತಟ್ಟೆ ನನ್ನ ಮುಂದೆ ಬಂದು ಬೀಳುತ್ತದೆ, ಮಾತು ಬೀಳುವುದಿಲ್ಲ. ನಮ್ಮವರು ರಾತ್ರಿ ಮಾತ್ರ ಸಮಾಧಾನ ಮಾಡಲು ಬರುತ್ತಾರೆ, ಅದೂ ಪಿಸುದನಿಯಲ್ಲಿ. ತಾಳಿ ಕಟ್ಟಿದವರ ಕಥೆ ಇದಾದರೆ, ಹುಟ್ಟದೇ ಇದ್ದ ನವೀನನೇ ವಾಸಿ. ಡಾಕ್ಟರಿಗೆ ಬೇಡವಾದವಳಿಗೆ ಆಸ್ಪತ್ರೆಯ ಬಾಗಿಲು ತೆರೆಸಿದವನು ಅವನು. ಯಾರಿಗೆ ಹುಟ್ಟಿದವನೆಂದೂ ಕೇಳದೆ ಅತ್ತೆ ಈ ಮನೆಯಲ್ಲಿ ಅವನಿಗೆ ಜಾಗ ಕೊಟ್ಟಿದ್ದರು. ಬೆಂಗಳೂರು ರಸ್ತೆಯ ಛತ್ರದಲ್ಲಿ ಊರೆಲ್ಲ ನೋಡುವಂತೆ ಮದುವೆಯಾಗಿ ಬಂದ ನನಗೆ ಆ ಜಾಗ ಇನ್ನೂ ಸಿಕ್ಕಿಲ್ಲ. ನಾನೆಂಥ ತಾಯಿ ನೋಡಿ, ಹೆರದ ಮಗನ ಮೇಲೆ ಹೊಟ್ಟೆಕಿಚ್ಚು ಪಡುತ್ತಿದ್ದೇನೆ.